ದೊಡ್ಡಪ್ಪನ ಕಡಕು, ತಿಮ್ಮೇಶನ ಕಿವಿ

ಚೀಟಿಯ ಕೊನೆಯ ಸಾಲನ್ನು ಚಂದ್ರಕಲ ಓದದೆ ಇದ್ದಿದ್ದರೆ ಅವತ್ತು ಅವಳ ಗಂಡ ತಿಮ್ಮೇಶನ ಕಿವಿಗಳು ಕಿವಿಗಳಾಗಿಯೇ ಉಳಿಯುತ್ತಿದ್ದವು. ಆದರೆ ಓದು ಬಂದ ಹೆಂಡತಿಯ ಕೈಗೆ ಬೆಳಗಿನ ಹೊತ್ತು ಒಂದು ಕಾಗದ ಸಿಕ್ಕಿದರೆ ಅವಳು ಅದನ್ನು ಓದದೆ ಬಿಡುತ್ತಾಳೆಯೇ.

ಅದು ಅಂಗೈ ಅಗಲದ ಅಚ್ಚಿನ ಚೀಟಿ. 'ಕಿವಿ, ಮೂಗು ಚುಚ್ಚಿಸಿಕೊಂಡವರು ಹಾಗೂ ಹಚ್ಚೆ ಹಾಕಿಸಿಕೊಂಡವರು ಗಮನಿಸಿ' ಎಂದು ತಲೆಯ ಮೇಲೆ ದಪ್ಪಕ್ಷರ. ಒಂಬತ್ತು ದಿನದ ಹಿಂದೆ ನಾಗಮಂಗಲದ ಅಕ್ಕಸಾಲಿಗನೊಬ್ಬ ತಿಮ್ಮೇಶನ ಎರಡೂ ಕಿವಿ ಚುಚ್ಚಿ, ಚಿನ್ನದ ಸಣ್ಣ ಕಡ್ಡಿ ಹಾಕಿ, ಇದನ್ನು ಕೈಗಿಟ್ಟು ಕಳಿಸಿದ್ದ. ಅಕ್ಕಿಹೆಬ್ಬಾಳಿನಲ್ಲಿ ಸ್ವಂತ ಆಲೆಮನೆ ಇಟ್ಟುಕೊಂಡು ಬೆಲ್ಲ ತೆಗೆಯುವ ನಲವತ್ತಾರು ವರ್ಷದ ಗಂಡಸು ಈ ವಯಸ್ಸಿನಲ್ಲಿ ಕಿವಿ ಚುಚ್ಚಿಸಿಕೊಂಡದ್ದು ಷೋಕಿಗಲ್ಲ. ವಂಶದ ಮಾನಕ್ಕೆ.

ಅವರ ಮೂಲ ಮನೆ ತೊಣ್ಣೂರಿನದು. ಅಲ್ಲಿ ದೊಡ್ಡಪ್ಪ ಜವರಯ್ಯ ಯಜಮಾನರಾಗಿದ್ದರು. ಮನೆತನದಲ್ಲಿ ಯಾವ ಶುಭಕಾರ್ಯವಾದರೂ ಮೊದಲ ವೀಳ್ಯ ಹಿಡಿಯುವವರು ಅವರೇ. ಹಿಡಿಯುವಾಗ ಕಿವಿಯಲ್ಲಿ ಒಂದು ಜೊತೆ ಹತ್ತಕಡಕು ಇರಲೇಬೇಕು. ಹಿಂದಿನ ಕಾಲದ ಗಂಡಸರು ಹಾಕುತ್ತಿದ್ದ ದಪ್ಪನೆಯ ಚಿನ್ನದ ಓಲೆ ಅದು. ಕಾರ್ಯದ ದಿನ ದೊಡ್ಡಪ್ಪ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಹಾಕಿಸಿ, ದೊಡ್ಡವ್ವ ದೊಡ್ಡತಾಯಮ್ಮನ ಕೈಯಿಂದಲೇ ಕಡಕು ಹಾಕಿಸಿಕೊಂಡು, ತಲೆಗೆ ಪೇಟ ಸುತ್ತಿ ಈಚೆಗೆ ಬಂದರೆ ಬೀಗರು ತಾವಾಗಿಯೇ ಎದ್ದು ನಿಲ್ಲುತ್ತಿದ್ದರು. ಕಾರ್ಯ ಮುಗಿದ ಮೇಲೆ ಊಟಕ್ಕೆ ಕೂತಾಗ ಅವರು ಹೇಳುತ್ತಿದ್ದ ಕತೆ ಯಾವಾಗಲೂ ಒಂದೇ. ಏಳನೇ ವಯಸ್ಸಿನಲ್ಲಿ ಸೋದರಮಾವನ ತೊಡೆಯ ಮೇಲೆ ಕೂತಿದ್ದರಂತೆ. ಬಾಯಲ್ಲಿ ಬೆಲ್ಲದ ಅಚ್ಚು. ಸೂಜಿ ಈ ಕಡೆಯಿಂದ ಆ ಕಡೆಗೆ ದಾಟಿದರೂ ಕಣ್ಣು ಮಿಟುಕಿಸಲಿಲ್ಲವಂತೆ.

"ನಮ್ ವಂಶದ ಕಿವಿ ಕಣ್ರಲಾ, ಸೂಜಿಗೆ ಎದ್ರಲ್ಲ" ಎಂದು ಅವರು ಮೀಸೆ ಒರೆಸಿಕೊಳ್ಳುವಾಗ ಪಂಕ್ತಿಯಲ್ಲಿ ಕೂತ ಹುಡುಗರೆಲ್ಲ ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಿಮ್ಮೇಶನೂ ಮುಟ್ಟಿ ನೋಡಿಕೊಂಡವನೇ. ಅವನಿಗೆ ನೆನಪಿದ್ದ ಇನ್ನೊಂದು ಚಿತ್ರವೂ ಇತ್ತು. ಅವನ ಅಪ್ಪ ಬದುಕಿದ್ದಷ್ಟು ಕಾಲವೂ ಅಣ್ಣನ ಹಿಂದೆ ವೀಳ್ಯದ ತಟ್ಟೆ ಹಿಡಿದುಕೊಂಡೇ ನಿಂತದ್ದು. ತಟ್ಟೆ ಹಿಡಿದ ಮನೆಯಿಂದ ಒಬ್ಬ ವೀಳ್ಯ ಹಿಡಿಯಬೇಕು ಎಂಬ ಆಸೆ ಅವನಲ್ಲಿ ಅಂದಿನಿಂದಲೂ ಕೂತಿತ್ತು.

ಎರಡು ವರ್ಷದ ಹಿಂದೆ ದೊಡ್ಡಪ್ಪ ತೀರಿಕೊಂಡರು. ಅವರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ರಂಜಿತ. ಈಗ ಅವಳಿಗೆ ಬೆಳಗೊಳದ ಗಂಡು ಗೊತ್ತಾಗಿ ವೀಳ್ಯಶಾಸ್ತ್ರದ ದಿನ ನಿಂತಿತ್ತು. ಮೊದಲ ವೀಳ್ಯ ಹಿಡಿಯಲು ಇರುವವರು ಇಬ್ಬರು, ಜವರಯ್ಯನವರ ಇಬ್ಬರು ತಮ್ಮಂದಿರ ಮಕ್ಕಳು. ಒಬ್ಬ ತಿಮ್ಮೇಶ, ಇನ್ನೊಬ್ಬ ಪಾಂಡವಪುರದಲ್ಲಿ ಔಷಧಿ ಅಂಗಡಿ ಇಟ್ಟಿರುವ ಶಿವಶಂಕರ್. ಇಬ್ಬರೂ ಒಂದೇ ತಿಂಗಳಲ್ಲಿ ಹುಟ್ಟಿದವರು. ಯಾರು ಮೊದಲು ಎಂದು ಅವರ ತಾಯಂದಿರು ಸಾಯುವ ತನಕ ಜಗಳವಾಡಿ, ತೀರ್ಮಾನ ಹೇಳದೆಯೇ ಹೋಗಿದ್ದರು. ಕೊನೆಗೆ ದೊಡ್ಡವ್ವ ಒಂದು ಮಾತು ಹೇಳಿದಳು.

"ಕಡಕು ಯಾರ್ ಕಿವೀಗೆ ಏರ್ತದೋ ಅವ್ನು ಇಡೀಲಿ."

ತಿಮ್ಮೇಶ ಅವತ್ತೇ ಗೆದ್ದೆ ಎಂದುಕೊಂಡ. ಯಾಕೆಂದರೆ ಶಿವಶಂಕರ್ ಸೂಜಿ ಮಾರುತ್ತಾನೆಯೇ ಹೊರತು ಸೂಜಿಯನ್ನು ಕಣ್ಣೆತ್ತಿ ನೋಡುವವನಲ್ಲ. ಕೊರೊನಾ ಲಸಿಕೆಯ ಸಾಲಿನಲ್ಲಿ ತನಗಿಂತ ಮುಂದಿದ್ದವರಿಗೆ ಚುಚ್ಚುವಾಗಲೇ ಅವನು ಬಿದ್ದು, ನಾಲ್ಕು ಜನ ಹೊತ್ತು ಬೆಂಚಿನ ಮೇಲೆ ಮಲಗಿಸಿದ್ದರು. ಅಂಥವನು ಕಿವಿ ಚುಚ್ಚಿಸಿಕೊಳ್ಳುವುದು ಕನಸಿನ ಮಾತು. ಆದರೂ ಸುದ್ದಿ ಹಬ್ಬಿದರೆ ಹಟಕ್ಕೆ ಬಿದ್ದಾನು ಎಂದು ತಿಮ್ಮೇಶ ಯಾರಿಗೂ ಹೇಳದೆ, ಗುರುತಿನವರಿಲ್ಲದ ನಾಗಮಂಗಲಕ್ಕೆ ಹೋಗಿ ಚುಚ್ಚಿಸಿಕೊಂಡು ಬಂದ. ಹೆಂಡತಿಯೊಬ್ಬಳಿಗೆ ಬಿಟ್ಟು ದೊಡ್ಡವ್ವನಿಗೂ ಹೇಳಲಿಲ್ಲ. ತಲೆಗೂ ಕಿವಿಗೂ ಸೇರಿಸಿ ಟವಲು ಸುತ್ತಿಕೊಂಡು ಓಡಾಡಿದ. ಕೇಳಿದವರಿಗೆ ಶೀತ ಎಂದ.

ಒಂದು ಮಾತು ಒಪ್ಪಬೇಕು. ಚುಚ್ಚುವಾಗ ಅವನು ನಿಜವಾಗಿಯೂ ಕಣ್ಣು ಮಿಟುಕಿಸಲಿಲ್ಲ. ಆಮೇಲಿನ ಎಂಟು ದಿನ ಚೀಟಿಯಲ್ಲಿ ಹೇಳಿದಂತೆ ನಡೆದುಕೊಂಡದ್ದೂ ಅಷ್ಟೇ ನಿಜ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಹತ್ತಿ ಅದ್ದಿ ಒರೆಸಿದ. ಕೈ ತೊಳೆಯದೆ ಮುಟ್ಟಲಿಲ್ಲ. ಎಣ್ಣೆ, ಅರಿಶಿನ ಸೋಕಿಸಲಿಲ್ಲ. ಅಂಗಾತ ಮಲಗಿ ನಿದ್ದೆ ಮಾಡಿದ. ಕೆಂಪು ಇಳಿದು, ನೋವು ಹೋಗಿ, ಎರಡು ಕಿವಿಯಲ್ಲೂ ಒಂದೊಂದು ಚಿನ್ನದ ಚುಕ್ಕಿ ಮಿಂಚತೊಡಗಿತು. ಬೈಕಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ತಿಮ್ಮೇಶ ತನಗೆ ತಾನೇ ಒಂದು ನಮಸ್ಕಾರ ಹಾಕಿಕೊಂಡದ್ದೂ ಉಂಟು. ಅವನ ಮನಸ್ಸಿಗೆ ಒಗ್ಗದ ಸಾಲು ಚೀಟಿಯಲ್ಲಿ ಒಂದೇ ಇತ್ತು. 'ಆರು ವಾರ ತುಂಬುವವರೆಗೆ ಕಡ್ಡಿಯನ್ನು ತೆಗೆಯಬಾರದು, ಬೇರೆ ಒಡವೆ ಹಾಕಬಾರದು.' ಶಾಸ್ತ್ರ ಇರುವುದು ಒಂಬತ್ತನೆಯ ದಿನಕ್ಕೆ. ಒಂದು ಗಳಿಗೆಗೆ ಹಾಕಿ ತೆಗೆದರೆ ಏನಾಗುತ್ತದೆ ಎಂದು ಅವನು ಆ ಸಾಲನ್ನು ಮಾತ್ರ ದಾಟಿ ಮುಂದೆ ಓದುತ್ತಿದ್ದ.

ಒಂಬತ್ತನೆಯ ದಿನ ಬೆಳಿಗ್ಗೆ ಹೊಸ ಪಂಚೆ, ಶರ್ಟು, ಪೇಟ ಎಲ್ಲ ಇಸ್ತ್ರಿಯಾಗಿ ಮಂಚದ ಮೇಲೆ ಕೂತಿದ್ದವು. ತಿಮ್ಮೇಶ ಬಚ್ಚಲ ಬಾಗಿಲಲ್ಲಿ ಹತ್ತಿ ಅದ್ದುತ್ತಿದ್ದ. ಉಪ್ಪಿನ ಡಬ್ಬಿಗೆ ಮೆತ್ತಿಕೊಂಡಿದ್ದ ಚೀಟಿಯನ್ನು ಚಂದ್ರಕಲ ಮೆಲ್ಲಗೆ ಬಿಡಿಸಿದಳು. ಎಂಟು ದಿನದಿಂದ ಮಡಚಿಕೊಂಡೇ ಇದ್ದ ಅದರ ಬುಡ ಬಿಚ್ಚಿಕೊಂಡಿತು.

"ಇಲ್ನೋಡಿ, ಬುಡದಲ್ಲಿ ನಿಮ್ ಶಿವಶಂಕರ್ ಎಸ್ರು ಅದೆ" ಎಂದಳು.

ಇತ್ತು. 'ಇಂತಿ ತಮ್ಮ ವಿಶ್ವಾಸಿ, ಶಿವಶಂಕರ್, ಔಷಧಿ ವ್ಯಾಪಾರಿಗಳು, ಪಾಂಡವಪುರ.' ಅಂಗಡಿಯ ಹೆಸರು ನಾಲ್ಕು ಕಡೆ ಓಡಾಡಲಿ ಎಂದು ಅವನು ಅಂಥ ಚೀಟಿಗಳನ್ನು ಅಚ್ಚು ಹಾಕಿಸಿ ನಾಲ್ಕು ತಾಲ್ಲೂಕಿನ ಚಿನ್ನದಂಗಡಿಗಳಿಗೆ ಹಂಚಿದ್ದ. ತಿಮ್ಮೇಶನ ಕೈಯಲ್ಲಿದ್ದ ಹತ್ತಿ ನೆಲಕ್ಕೆ ಬಿತ್ತು. ಆರು ವಾರದ ಗುಟ್ಟು ಈಗ ಅವನಿಗೆ ಹಗಲಿನಷ್ಟು ನಿಚ್ಚಳವಾಯಿತು.

"ನಾನು ಕಡಕು ಆಕ್ಬಾರ್ದು ಅಂತ್ಲೇ ಬರ್ಸವ್ನೆ ಕಣೆ ಇದ್ನ" ಎಂದ.

"ನಿಮ್ಮೊಬ್ರ ಕಿವೀಗೋಸ್ಕರ ಸಾವ್ರ ಪ್ರತಿ ಅಚ್ಚಾಕ್ಸಾನಾ?"

"ಅವ್ನ್ ಎಂಥೋನು ಅಂತ ನಿನ್ಗೆ ಗೊತ್ತಿಲ್ಲ."

ಎಂಟು ದಿನ ಇದೇ ಚೀಟಿಯಿಂದಲೇ ಕಿವಿ ಚೆನ್ನಾಗಿ ಮಾಗಿತಲ್ಲ ಎಂದು ಅವಳು ಕೇಳಿದಳು. ನಂಬಿಕೆ ಬರಿಸುವುದಕ್ಕೆ ಮೊದಲು ಚೆನ್ನಾಗಿ ಮಾಡಿ ತೋರಿಸುವುದೇ ಮೋಸಗಾರರ ಪದ್ಧತಿ ಎಂದು ಇವನು ಹೇಳಿದ. ಚಂದ್ರಕಲ ಚೀಟಿಯನ್ನು ಅವನ ಕೈಗಿಟ್ಟು ಸೀರೆ ಉಡಲು ಒಳಗೆ ಹೋದಳು. ತಿಮ್ಮೇಶ ಚೀಟಿಯನ್ನು ಮತ್ತೆ ಮೊದಲಿನಿಂದ ಓದಿದ. ಈಗ ಅದರಲ್ಲಿ ಬೇಡ ಎಂದದ್ದೆಲ್ಲ ಮಾಡಬೇಕಾದದ್ದಾಗಿಯೂ, ಮಾಡಿ ಎಂದದ್ದೆಲ್ಲ ಬಿಡಬೇಕಾದದ್ದಾಗಿಯೂ ಕಂಡಿತು. ಉಪ್ಪುನೀರನ್ನು ಬಚ್ಚಲಿಗೆ ಚೆಲ್ಲಿದ.

ಪಕ್ಕದ ಮನೆಯ ದ್ಯಾವಮ್ಮ ಅದೇ ಹೊತ್ತಿಗೆ ಹಿತ್ತಲ ಬೇಲಿಯ ಆಚೆಯಿಂದ ಕರಿಬೇವು ಕೇಳಲು ಬಂದಳು. ಕೇಳಲು ಬಂದದ್ದು ಕರಿಬೇವು, ಅವಳ ಕಣ್ಣಿಗೆ ಬಿದ್ದದ್ದು ಕಿವಿ. ಊರಿನ ಅರ್ಧ ಹೆಣ್ಣುಮಕ್ಕಳ ಕಿವಿ ಮೂಗುಗಳ ಯೋಗಕ್ಷೇಮವನ್ನು ಅರವತ್ತು ವರ್ಷದಿಂದ ತಾನೇ ನೋಡಿಕೊಂಡವಳು ಎಂಬುದು ಅವಳ ಹೆಮ್ಮೆ. ಗುಟ್ಟು ಹೊರಗೆ ಬಿಡಬಾರದೆಂದು ಆಣೆ ಹಾಕಿಸಿಕೊಂಡ ಮೇಲೆ ತಿಮ್ಮೇಶ ಕಡಕಿನ ವಿಷಯ ಹೇಳಿದ. ದ್ಯಾವಮ್ಮ ಚಿನ್ನದ ಕಡ್ಡಿಯನ್ನು ಬೆರಳ ತುದಿಯಲ್ಲಿ ಅಲ್ಲಾಡಿಸಿ ನೋಡಿ ನಕ್ಕಳು.

"ಈ ತೂತ್ನಲ್ಲಿ ಇರುವೆನೂ ತೂರಕ್ಕಿಲ್ಲ ಕಣಪ್ಪ. ಕಡಕು ಎಂಗ್ಲಾ ಏರ್ತದೆ? ಬೇವಿನ ಕಡ್ಡಿ ಆಕು, ತೂತು ಅಗ್ಲ ಆಯ್ತದೆ."

ಚೀಟಿಯಲ್ಲಿ ಏನನ್ನೂ ತೂರಿಸಬೇಡಿ ಎಂದಿತ್ತು. ಹಾಗಾದರೆ ತೂರಿಸಲೇಬೇಕು. ದ್ಯಾವಮ್ಮ ಚಿನ್ನದ ಕಡ್ಡಿಗಳನ್ನು ತೆಗೆದು, ಸೀರೆ ಉಟ್ಟು ಬಂದ ಚಂದ್ರಕಲಳ ಕೈಗೆ ಕೊಟ್ಟಳು. ಬೇವಿನ ಎಳೆ ಕಡ್ಡಿ ಮುರಿದು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಒಂದೊಂದು ಕಿವಿಗೆ ಒಂದೊಂದು ತಿರುವಿ ತಿರುವಿ ತೂರಿಸಿದಳು. ಮೇಲೆ ಅರಿಶಿನ ಮೆತ್ತಿದಳು. ತಿಮ್ಮೇಶ ಕಣ್ಣು ಮಿಟುಕಿಸಲಿಲ್ಲ. ಆದರೆ ಮಿಟುಕಿಸದ ಕಣ್ಣಿನಿಂದ ನೀರು ಇಳಿಯಿತು.

ಹೆಲ್ಮೆಟ್ಟು ಹಾಕುವಾಗ ಮೊದಲ ಸಲ ಅವನಿಗೆ ಅನುಮಾನ ಬಂತು. ಒಂಬತ್ತು ದಿನದಿಂದ ಅದು ಕಿವಿಗೆ ಸೋಕದಂತೆ ಬೈಕನ್ನು ಮನೆಯಲ್ಲೇ ಬಿಟ್ಟಿದ್ದ. ಈಗ ಎರಡು ಕಡೆಯೂ ಬೇವಿನ ಕಡ್ಡಿ ನೆಟ್ಟುಕೊಂಡ ತಲೆ ಹೆಲ್ಮೆಟ್ಟಿನೊಳಗೆ ಹೋಗಲು ಒಪ್ಪಲಿಲ್ಲ. ಅದುಮಿದ. ಹೋಯಿತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆ.ಆರ್. ಪೇಟೆ ದಾಟುವಷ್ಟರಲ್ಲಿ ಎರಡು ಕಿವಿಯೊಳಗೂ ಆಲೆಮನೆಯ ಕೊಪ್ಪರಿಗೆ ಕುದಿಯುತ್ತಿರುವ ಹಾಗೆ ಆಗತೊಡಗಿತು. ಚಿನಕುರಳಿ ಹತ್ತಿರ ಬರುವಾಗ ಇನ್ನು ತಡೆಯಲಾಗದೆ ರಸ್ತೆ ಬದಿಯ ಹಾಲಿನ ಡೈರಿಯ ಮುಂದೆ ನಿಲ್ಲಿಸಿದ.

ಡೈರಿಯ ಮುಂದೆ ಹತ್ತಿಪ್ಪತ್ತು ದನ ಕಟ್ಟಿದ್ದರು. ದನದಾಸ್ಪತ್ರೆಯ ಚೌಡಯ್ಯ ಅವುಗಳ ಕಿವಿಗೆ ನಂಬರಿನ ಹಳದಿ ಬಿಲ್ಲೆ ಹಾಕುತ್ತಿದ್ದ. ಹಿಂದೆ ಅಕ್ಕಿಹೆಬ್ಬಾಳಿನಲ್ಲೇ ಕೆಲಸ ಮಾಡಿದ್ದವನು, ತಿಮ್ಮೇಶನಿಗೆ ಹಳೆಯ ಸ್ನೇಹಿತ. ಹೆಲ್ಮೆಟ್ಟು ತೆಗೆಯಲು ಅವನೇ ಬಂದು ಒಂದು ಕೈ ಹಾಕಬೇಕಾಯಿತು. ಕಿವಿ ಕಂಡ ಕೂಡಲೇ ಇದು ಹಳ್ಳಿ ಹೆಂಗಸರ ಕೈಕೆಲಸ ಎಂದು ಹೇಳಿಬಿಟ್ಟ. ತಾನು ಇಪ್ಪತ್ತೆರಡು ವರ್ಷದಲ್ಲಿ ಸಾವಿರಾರು ಕಿವಿ ಚುಚ್ಚಿರುವುದಾಗಿಯೂ, ಒಂದು ಕಿವಿಯೂ ಬಾತಿಲ್ಲವೆಂದೂ ಹೇಳಿದ. ಪಕ್ಕದಲ್ಲೇ ಆಗ ತಾನೇ ಬಿಲ್ಲೆ ಹಾಕಿಸಿಕೊಂಡ ಹಸು ಹುಲ್ಲು ಮೆಲುಕು ಹಾಕುತ್ತಿತ್ತು. ಚೌಡಯ್ಯ ಅದರ ಕಡೆಗೆ ಕೈ ತೋರಿಸಿದ.

"ನೋಡು ಅದ್ನ. ಏನಾರ ದೂರು ಏಳ್ತಾ?"

"ಅದು ಹಸು ಅಲ್ವಾ?" ಎಂದಳು ಚಂದ್ರಕಲ.

"ಕಿವಿ ಕಿವಿನೇ ಕಣವ್ವ" ಎಂದು ಚೌಡಯ್ಯ ಚೀಲದಿಂದ ಒಂದು ಡಬ್ಬಿ ತೆಗೆದು, ಅಲ್ಲಾಡಿಸಿ, ತಿಮ್ಮೇಶನ ಎರಡು ಕಿವಿಗೂ ಬುಸ್ಸೆಂದು ಹೊಡೆದ. ನೊಣ ಕೂರುವುದಿಲ್ಲ, ಹುಳ ಬೀಳುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟ. ಔಷಧಿಯ ಬಣ್ಣ ನೇರಳೆ. ಕೆಳಗಿದ್ದ ಅರಿಶಿನದ ಜೊತೆ ಕೂಡಿ ಅದು ಮಾಗಿದ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಎನ್ನುತ್ತಾರೆ. ಇಲ್ಲಿ ಇಬ್ಬರು ಸೇರುವಷ್ಟರಲ್ಲೇ ಹಾವು ಹೆಡೆ ಬಿಚ್ಚಿತ್ತು.

ತೊಣ್ಣೂರು ಮುಟ್ಟಿದಾಗ ಹನ್ನೊಂದು ಗಂಟೆ. ಮನೆ ಮುಂದೆ ಶಾಮಿಯಾನ, ಒಳಗೆ ಒಬ್ಬಟ್ಟಿನ ವಾಸನೆ. ಬೆಳಗೊಳದವರು ಆಗಲೇ ಬಂದು ಕೂತಿದ್ದರು. ಅವರ ಕಡೆಯ ಯಜಮಾನ ಹುಚ್ಚಣ್ಣ ಎಪ್ಪತ್ತೈದು ದಾಟಿದ ಕಟ್ಟುಮಸ್ತಾದ ಮುದುಕ. ಅವರ ಎರಡು ಕಿವಿಯಲ್ಲೂ ಒಂಟಿ ಎನ್ನುವ ಹಳೆಯ ಕಾಲದ ಚಿನ್ನದ ಓಲೆ ತೂಗುತ್ತಿತ್ತು. ಅದನ್ನು ಕಂಡು ತಿಮ್ಮೇಶನ ಎದೆ ಉಬ್ಬಿತು. ಇನ್ನೊಂದು ಗಂಟೆ ತಡೆದರೆ ಅವರ ಎದುರಿಗೆ ಸರಿಸಾಟಿಯಾಗಿ ಕೂರುವವನು ತಾನು. ಸೆಕೆಯಲ್ಲಿ ಟವಲು ಯಾಕಣ್ಣ ಎಂದು ರಂಜಿತ ಕೇಳಿದ್ದಕ್ಕೆ ಶೀತ ಎಂದು ಹೇಳಿ, ಅವಳ ತಲೆ ಸವರಿ, ಗಾಳಿ ಹಾಯುವ ಜಾಗ ಹುಡುಕಿಕೊಂಡು ಹಿತ್ತಲಿಗೆ ಹೋದ.

ಹಿತ್ತಲ ನಲ್ಲಿಯ ಹತ್ತಿರ ಟವಲು ಬಿಚ್ಚಿ ಉಸಿರು ಬಿಡುತ್ತಿದ್ದಾಗ ಹಿಂದಿನಿಂದ ಯಾರೋ "ಶಿವ ಶಿವಾ" ಎಂದು ಉದ್ಗರಿಸಿದರು. ತಿರುಗಿ ನೋಡಿದರೆ ಶಿವಶಂಕರ್. ಗೋಡೆ ಹಿಡಿದುಕೊಂಡು ನಿಂತಿದ್ದ.

"ಲೇ ತಿಮ್ಮೇಶ, ಅದ್ಯಾರ್ಲಾ ನಿನ್ ಕಿವೀಗೆ ಇಂಗ್ ಮಾಡಿದ್ದು?"

"ನಿನ್ ಚೀಟಿ ಓದಿವ್ನಿ ಬುಡು. ಗೊತ್ತಾಯ್ತು ಎಲ್ಲ."

"ಓದಿದ್ರೆ ಇಂಗ್ ಆಗ್ತಿರ್ಲಿಲ್ಲ ಕಣ್ಲಾ."

ಶಿವಶಂಕರ್ ಬೇಡಿಕೊಂಡ. ಆ ಕಡ್ಡಿ ಕಿತ್ತು ಉಪ್ಪುನೀರಿನಲ್ಲಿ ತೊಳೆದು, ಮೊದಲಿನ ಚಿನ್ನದ ಕಡ್ಡಿಯನ್ನೇ ಹಾಕಿಸಿಕೋ, ಊಟ ಮುಗಿದ ಮೇಲೆ ಪಾಂಡವಪುರಕ್ಕೆ ನಡಿ, ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ. ವೀಳ್ಯವನ್ನು ನೀನೇ ಹಿಡಿ, ನನಗೆ ಸೂಜಿಯ ಹೆಸರು ಕೇಳಿದರೇ ಆಗುವುದಿಲ್ಲ, ಆದರೆ ಇವತ್ತು ಕಿವಿಗೆ ಇನ್ನೇನೂ ಹಾಕಬೇಡ ಎಂದ. ಕಣ್ಣಲ್ಲಿ ನಿಜವಾಗಿಯೂ ನೀರು ತಂದುಕೊಂಡ.

ತಿಮ್ಮೇಶ ಅವನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ. ವೀಳ್ಯ ಬೇಡ ಎನ್ನುವವನು ಕಡಕನ್ನು ಮಾತ್ರ ಯಾಕೆ ಹಾಕಬೇಡ ಎನ್ನುತ್ತಾನೆ? ಅವನು ಆಚೆ ಹೋದ ಮೇಲೆ ಗೋಡೆಗೆ ಒರಗಿಸಿದ್ದ ಕಡ್ಡಿಪೊರಕೆಯಿಂದ ದಪ್ಪನೆಯ ಎರಡು ಕಡ್ಡಿ ಮುರಿದು, ಬೇವಿನದನ್ನು ತೆಗೆದು ಇವನ್ನು ಹಾಕಿಕೊಂಡ. ಹಾಕಿಕೊಳ್ಳುವಾಗ ಬಾಯಿಗೆ ಟವಲು ಕಚ್ಚಿಕೊಂಡಿದ್ದರಿಂದ ಊರಿಗೆ ಏನೂ ಕೇಳಿಸಲಿಲ್ಲ.

ಹನ್ನೆರಡೂವರೆಗೆ ದೊಡ್ಡವ್ವ ಇಬ್ಬರನ್ನೂ ಕೋಣೆಗೆ ಕರೆದಳು. ಬಾಗಿಲು ಮುಂದಕ್ಕೆ ಹಾಕಿದಳು. ಆಚೆ ವಾಲಗದವರು ಡೋಲು ಬಿಗಿಯುವ ಸದ್ದು. ಮೊಣಕೈವರೆಗೆ ಹಸಿರು ಹಚ್ಚೆ ತುಂಬಿದ ಅವಳ ಕೈ ಪೆಟ್ಟಿಗೆಯ ಬೀಗ ತೆಗೆಯುತ್ತಿತ್ತು. ಒಂಬತ್ತು ವರ್ಷದವಳಾಗಿದ್ದಾಗ ಒಂದೇ ದಿನ ಕೂತು ಹಾಕಿಸಿಕೊಂಡ ಹಚ್ಚೆ ಅದು. ಅದರ ಕತೆಯನ್ನು ಅವಳು ಯಾವ ಪಂಕ್ತಿಯಲ್ಲೂ ಹೇಳಿಕೊಂಡವಳಲ್ಲ.

ತಿಮ್ಮೇಶ ಇಷ್ಟು ಹೊತ್ತು ಕಾದದ್ದು ಈ ಗಳಿಗೆಗೆ. ಟವಲನ್ನು ಒಂದೇ ಸಲಕ್ಕೆ ಎಳೆದು ತೆಗೆದ.

"ಚುಚ್ಚಿಸ್ದೆ ದೊಡ್ಡವ್ವ. ಎರಡೂವೆ. ದೊಡ್ಡಪ್ಪನಂಗೆ, ಕಣ್ ಮಿಟುಕ್ಸ್‌ಲಿಲ್ಲ."

ದೊಡ್ಡವ್ವ ಆ ಕಿವಿಗಳನ್ನು ನೋಡಿದಳು. ಬುಡದಲ್ಲಿ ಎರಡು ಬೋಂಡ ಇಳಿಬಿಟ್ಟಂತೆ ಊದಿ, ನೇರಳೆ ಹಳದಿ ಬಣ್ಣಕ್ಕೆ ತಿರುಗಿ, ಪೊರಕೆ ಕಡ್ಡಿ ಚುಚ್ಚಿಕೊಂಡು ನಿಂತಿದ್ದವು. ಅವನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದಳು.

"ಯಾಕ್ಲಾ ಚುಚ್ಚಿಸ್ದೆ ಮಗ?" ಎಂದಳು.

ಆಮೇಲೆ ಕೆಂಪು ಬಟ್ಟೆಯ ಗಂಟು ಬಿಚ್ಚಿ ಕಡಕನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಶಿವಶಂಕರ್ ಹೆದರಿ ಗೋಡೆಯ ಕಡೆಗೆ ಮುಖ ಮಾಡಿದ್ದ. ತಿಮ್ಮೇಶ ಮೊಬೈಲಿನ ಬೆಳಕು ಬಿಟ್ಟು ನೋಡಿದ. ದಪ್ಪನೆಯ ಚಿನ್ನದ ಉಂಗುರ, ಒಂದು ಕಡೆ ಸೀಳಿ ಬಾಯಿ ಬಿಟ್ಟುಕೊಂಡಿತ್ತು. ಬಾಯಿಯ ಎರಡು ತುದಿಗೂ ಉದ್ದಿನ ಕಾಳಿನಷ್ಟು ಚಪ್ಪಟೆ ಬಿಲ್ಲೆ. ಚುಚ್ಚುವ ಮೊನೆ ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕಿವಿಯ ತುದಿಯನ್ನು ಆ ಬಾಯಿಗೆ ಕೊಟ್ಟು ಅದುಮಿದರೆ ಹಿಡಿದುಕೊಳ್ಳುವ ಕಡಕು. ಹಳ್ಳಿ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡುವವರು ಹಾಕಿಕೊಳ್ಳುವುದೂ ಅಂಥದ್ದೇ, ಇದು ಚಿನ್ನದ್ದು ಅಷ್ಟೇ.

ದೊಡ್ಡವ್ವ ತಗ್ಗಿದ ದನಿಯಲ್ಲಿ ಹೇಳಿದಳು. ಏಳನೇ ವಯಸ್ಸಿನಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿದ್ದು ನಿಜ, ಬಾಯಿಗೆ ಬೆಲ್ಲ ಇಟ್ಟದ್ದೂ ನಿಜ. ಸೂಜಿ ಕಂಡ ಕೂಡಲೇ ದೊಡ್ಡಪ್ಪ ಆ ಮಾವನ ಕೈ ಕಚ್ಚಿ ಓಡಿಹೋಗಿ, ಸಂಜೆವರೆಗೂ ತೊಣ್ಣೂರು ಕೆರೆಯಲ್ಲಿ ಕತ್ತಿನವರೆಗೆ ಮುಳುಗಿ ಕೂತಿದ್ದರಂತೆ. ಯಜಮಾನನಾಗುವವನ ಕಿವಿ ಬೋಳಾಗಿರಬಾರದೆಂದು ಅವರಪ್ಪ ಗುಟ್ಟಾಗಿ ಈ ಒತ್ತುವ ಕಡಕು ಮಾಡಿಸಿದರಂತೆ.

"ನಲ್ವತ್ತೈದ್ ವರ್ಸ ನಾನೊಬ್ಳೇ ಆಕ್ದೆ, ನಾನೊಬ್ಳೇ ತೆಗ್ದೆ. ಯಾರ್ಗೂ ಏಳ್ನಿಲ್ಲ. ಕಿವಿ ತೆಳ್ಗಿರ್ಬೇಕು ಅಷ್ಟೇಯ. ದಪ್ಪ ಕಿವೀಗೆ ಇದು ಏರಕ್ಕಿಲ್ಲ. ಅದ್ಕೇ ಏರಿದೋನು ಇಡೀಲಿ ಅಂದೆ."

ತಿಮ್ಮೇಶ ನೆಲದ ಮೇಲೆ ಕೂತುಕೊಂಡ. ಆದರೂ ಆಸೆ ಬಿಡಲಿಲ್ಲ. ಒಂದು ಸಲ ನೋಡು ದೊಡ್ಡವ್ವ ಎಂದು ಅಂಗಲಾಚಿದ. ಅವಳು ಪೊರಕೆ ಕಡ್ಡಿ ಕಿತ್ತು, ಮರುಕದಿಂದಲೇ ಕಡಕಿನ ಬಾಯಿಯನ್ನು ಬಲಗಿವಿಗೆ ಹಿಡಿದಳು. ಬಾಯಿ ಒಂದು ಕಡೆ, ಬೋಂಡ ಒಂದು ಕಡೆ. ಮೆಲ್ಲಗೆ ಅದುಮಿದಳು. ಒಂಬತ್ತು ದಿನದ ಹಿಂದೆ ಕಣ್ಣು ಮಿಟುಕಿಸದವನು ಈಗ ಕೋಣೆಯ ಕಂಬ ಅಪ್ಪಿಕೊಂಡ. ಎಡಗಿವಿಯ ತಂಟೆಗೆ ಅವಳು ಹೋಗಲೇ ಇಲ್ಲ.

"ಶಿವಶಂಕರ, ಬಾ ಇಲ್ಲಿ."

ಶಿವಶಂಕರ್ ಎರಡು ಕಣ್ಣೂ ಮುಚ್ಚಿಕೊಂಡು ಬಂದು ಕೂತ. ಅವನ ಕಿವಿ ವೀಳ್ಯದೆಲೆಯಷ್ಟು ತೆಳ್ಳಗಿತ್ತು. ಟಕ್ ಎಂದು ಒಂದು, ಟಕ್ ಎಂದು ಇನ್ನೊಂದು. ಇನ್ನೂ ಎಷ್ಟು ಹೊತ್ತು ದೊಡ್ಡವ್ವ ಎಂದು ಅವನು ನಡುಗುತ್ತಾ ಕೇಳುವಷ್ಟರಲ್ಲಿ ಕೆಲಸ ಮುಗಿದಿತ್ತು.

ಆಮೇಲೆ ದೊಡ್ಡವ್ವ ಹಚ್ಚೆಯ ಕೈ ಮುಂದೆ ಚಾಚಿದಳು. ಈ ಮಾತು ಕೋಣೆ ದಾಟಬಾರದು, ಬೀಗರ ಮುಂದೆ ಸತ್ತವರ ಮಾನ ಹೋಗಬಾರದು ಎಂದು ಇಬ್ಬರಿಂದಲೂ ಕೈ ಮೇಲೆ ಕೈ ಇಡಿಸಿಕೊಂಡಳು. ತಿಮ್ಮೇಶನ ಕೈಯನ್ನು ಮಾತ್ರ ಇನ್ನೊಂದು ಗಳಿಗೆ ಹಿಡಿದುಕೊಂಡೇ ಇದ್ದಳು.

"ಈ ಮನೆ ಗಂಡಸ್ರಲ್ಲಿ ಸೂಜಿಗೆ ಕಿವಿ ಕೊಟ್ಟೋನು ನೀನೊಬ್ನೇ ಕಣ್ ಮಗ. ನನ್ಗೆ ಗೊತ್ತು ಬುಡು."

ಆ ಮಾತಿಗೆ ನೋವಿನ ನಡುವೆಯೂ ತಿಮ್ಮೇಶನ ಎದೆ ಒಂದು ಗೇಣು ಅಗಲವಾಯಿತು. ವಂಶದಲ್ಲಿ ಮೊದಲನೆಯವನು ಅವನು. ಆದರೆ ಹಾಗೆಂದು ಸಾಯುವ ತನಕ ಯಾರಿಗೂ ಹೇಳುವಂತಿರಲಿಲ್ಲ.

ಕೋಣೆಯ ಬಾಗಿಲು ತೆರೆಯಿತು. ಕಡಕು ಹೊಳೆಯುವ ಶಿವಶಂಕರ್ ಮುಂದೆ, ಪೇಟವನ್ನು ಕಿವಿ ಮುಚ್ಚುವ ಹಾಗೆ ಸುತ್ತಿಕೊಂಡು ವೀಳ್ಯದ ತಟ್ಟೆ ಹಿಡಿದ ತಿಮ್ಮೇಶ ಹಿಂದೆ. ಬೆಳಗೊಳದವರು ಎದ್ದು ನಿಂತರು. ವೀಳ್ಯ ಕೈ ಬದಲಾಯಿಸಿತು, ರಂಜಿತ ನಾಚಿಕೊಂಡು ಎಲ್ಲರ ಕಾಲಿಗೆ ಬಿದ್ದಳು, ಗಟ್ಟಿಮೇಳ ಊರು ಕೇಳುವಂತೆ ಆಯಿತು. ಎಲ್ಲ ಮುಗಿದ ಮೇಲೆ ಹುಚ್ಚಣ್ಣ ಶಿವಶಂಕರನ ಭುಜ ತಟ್ಟಿ, ಈ ಕಾಲದಲ್ಲೂ ಕಿವಿ ಚುಚ್ಚಿಸಿಕೊಂಡು ಪದ್ಧತಿ ಉಳಿಸಿದ ಗಂಡಸನ್ನು ನೋಡಿ ಜೀವ ತಂಪಾಯಿತು ಎಂದರು. ಎಷ್ಟು ನೋವಾಯಿತಪ್ಪ, ಯಾವ ಸೂಜಿಯಲ್ಲಿ ಚುಚ್ಚಿದರು ಎಂದು ವಿಚಾರಿಸಿದರು. ಸೂಜಿ ಎಂಬ ಮಾತು ಕಿವಿಗೆ ಬಿದ್ದದ್ದೇ ಶಿವಶಂಕರ್ ಬಿಳಿಚಿಕೊಂಡ. ಮೊಣಕಾಲು ಮಡಚಿಕೊಳ್ಳುವುದರಲ್ಲಿತ್ತು.

ಅವನು ಬಿದ್ದರೆ ಅವನ ಜೊತೆಗೆ ದೊಡ್ಡಪ್ಪನ ಮಾನವೂ ಬೀಳುತ್ತದೆ. ತಿಮ್ಮೇಶ ಒಂದು ಕೈಯಲ್ಲಿ ತಟ್ಟೆ ಹಿಡಿದು, ಇನ್ನೊಂದು ಕೈಯಿಂದ ಅವನ ಬೆನ್ನಿಗೆ ಆಸರೆ ಕೊಡಲು ಮುಂದೆ ಬಾಗಿದ. ಬಾಗಿದಾಗ ಪೇಟ ಜಾರಿತು. ಹುಚ್ಚಣ್ಣ ಅವನ ಕಿವಿಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನಾಯ್ತಯ್ಯ ನಿಂಗೆ?"

"ಕಡಜ ಕಚ್ತು ಯಜಮಾನ್ರೆ."

"ಎರಡೂ ಕಿವೀಗೂವೆ?"

"ಜೋಡಿ ಬಂದಿದ್ವು."

ಹುಚ್ಚಣ್ಣ ನಿಟ್ಟುಸಿರು ಬಿಟ್ಟು, ತಮ್ಮ ಒಂಟಿಯನ್ನು ಒಮ್ಮೆ ಮುಟ್ಟಿಕೊಂಡು ತಲೆ ಆಡಿಸಿದರು.

"ಕಡಜಕ್ಕೇ ಇಂಗ್ ಬಾತ್ಕಂಡ್ರೆ ಸೂಜಿ ಎಂಗಯ್ಯ ತಡೀತಿದ್ದೆ? ನಿಮ್ಮಣ್ಣನ್ನ ನೋಡಿ ಕಲ್ತ್ಕೊ. ವಂಶದ ಕಿವಿ ಅಂದ್ರೆ ಅದು."

ತಿಮ್ಮೇಶ ಕೋಣೆಯ ಬಾಗಿಲ ಕಡೆ ನೋಡಿದ. ದೊಡ್ಡವ್ವ ಹಚ್ಚೆಯ ಕೈಯನ್ನು ಬಾಗಿಲ ಚೌಕಟ್ಟಿಗೆ ಊರಿ ಅವನನ್ನೇ ನೋಡುತ್ತಿದ್ದಳು. ಇಬ್ಬರಲ್ಲಿ ಯಾರು ದೊಡ್ಡವನು ಎಂದು ತಾಯಂದಿರು ಸಾಯುವ ತನಕ ಆಡಿದ ಜಗಳವನ್ನು ತಿಮ್ಮೇಶ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ.

"ಔದು ಯಜಮಾನ್ರೆ. ನಾನು ಪಕ್ಕದಲ್ಲೇ ಇದ್ದೆ. ನಮ್ಮಣ್ಣ ಕಣ್ಣೇ ಮಿಟುಕ್ಸ್‌ಲಿಲ್ಲ" ಎಂದು ತಟ್ಟೆಯನ್ನು ಅವರ ಮುಂದೆ ಹಿಡಿದ.